‘ನಾಳೆ ಬಾ’ ಎಂಬ ಫೋಲ್ಡರು

ಮೊದಲೇ ಹೇಳಿಬಿಡುತ್ತೇನೆ, ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಎದ್ದು ಅಡುಗೆಮನೆಗೆ ಹೋಗುವವರ ಪೈಕಿ ನಾನು. ‘ಯಾರು ನೋಡಿದ್ದು? ನೀನು ನೋಡಿದೆಯಾ? ಮತ್ಯಾಕೆ ಒದರ್ತೀಯ?’ ಎಂದು ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ಆ ಪ್ರಶ್ನೆಯನ್ನು ನನಗೇ ಹಾಕಿ. ಹೌದು, ನಾನೇ ನೋಡಿದ್ದು. ಈ ಕಿವಿಯಲ್ಲೇ ಕೇಳಿದ್ದು. ಒಂದಕ್ಷರ ಸೇರಿಸಿಲ್ಲ. ಸೇರಿಸುವ ಧೈರ್ಯವೂ ನನಗಿಲ್ಲ.

ನನ್ನ ಹೆಸರು ಶೈಲಾ, ಊರು ತಿಪಟೂರು. ಈಗ ಮನೆ ದೆಹಲಿಯ ದ್ವಾರಕಾದಲ್ಲಿ, ಕೆಲಸ ನೋಯ್ಡಾದಲ್ಲಿ. ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ಒಂದು ಸಣ್ಣ ಕಂಪನಿ ನಮ್ಮದು. ಕೆಳಗೆ ಗೋಡೌನು, ಮೇಲೆ ಕಂಟ್ರೋಲ್ ರೂಮು. ಕೆಳಗಿನಿಂದ ಸಿಲಿಂಡರಿಗೆ ಸಿಲಿಂಡರು ತಾಗುವ ಠಣ್... ಠಣ್... ಸದ್ದು ರಾತ್ರಿಯಿಡೀ ಬರುತ್ತಿರುತ್ತದೆ. ಜೊತೆಗೆ ಕಬ್ಬಿಣ, ರಬ್ಬರು, ಡೀಸೆಲ್ಲು ಬೆರೆತ ವಾಸನೆ. ದೀಪಾವಳಿ ಮುಗಿದ ಮೇಲೆ ಹೊರಗಿನ ಹೊಗೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಆ ದಿನಗಳಲ್ಲಿ ದೆಹಲಿಯಲ್ಲಿ ಗಟ್ಟಿಮುಟ್ಟಾದವರೇ ಕೆಮ್ಮುತ್ತಾರೆ, ಇನ್ನು ಶ್ವಾಸಕೋಶ ಕೆಟ್ಟವರ ಪಾಡು ಕೇಳಬೇಡಿ.

ಆಸ್ಪತ್ರೆಗಳಿಂದ ನಮಗೆ ಒಬ್ಬೊಬ್ಬ ರೋಗಿಗೆ ಒಂದೊಂದು ಫೈಲು ಬರುತ್ತದೆ. ಅದರಲ್ಲಿ ಹೆಸರು, ವಿಳಾಸ, ಎಷ್ಟು ದೊಡ್ಡ ಸಿಲಿಂಡರು ಬೇಕು ಎಂಬ ವಿವರ ಇರುತ್ತದೆ. ಆ ಫೈಲನ್ನು ಹೆಸರು ಹಿಡಿದು ಕರೆದು, ತೆರೆದು, ವ್ಯಾನುಗಳ ಸಾಫ್ಟ್‌ವೇರಿನಲ್ಲಿ ತುಂಬುವುದು ಒಂದು ಸ್ಕ್ರಿಪ್ಟು, ಅಂದರೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು. ಕುರ್ಚಿಯಲ್ಲಿ ಯಾರೂ ಕೂತಿರುವುದಿಲ್ಲ. ಮೌಸಿನ ಬಾಣ ತಾನಾಗಿ ಓಡುತ್ತದೆ, ಅಕ್ಷರಗಳು ತಾವಾಗಿ ಮೂಡುತ್ತವೆ. ಹೊಸಬರು ನೋಡಿ ಬೆಚ್ಚುತ್ತಾರೆ. ನಮಗೆ ರೂಢಿಯಾಗಿತ್ತು.

ಅದನ್ನು ಬರೆದವನು ಮದ್ದೂರಿನ ಹುಡುಗ ಲೋಹಿತ್. ಆಫೀಸಿನಲ್ಲಿ ನನ್ನ ಬಿಟ್ಟರೆ ಕನ್ನಡದವನು ಅವನೊಬ್ಬನೇ. ಕೆಲವು ಫೈಲುಗಳು ಏನು ಮಾಡಿದರೂ ತೆರೆಯುವುದಿಲ್ಲ, ಎರರ್ ಬರುತ್ತದೆ. ಅವುಗಳಿಂದಾಗಿ ಉಳಿದವರ ಕೆಲಸ ನಿಲ್ಲಬಾರದೆಂದು, ಅಂಥವನ್ನೆಲ್ಲ ಗುಡಿಸಿ ಹಾಕಲು ಅವನೊಂದು ಬೇರೆ ಫೋಲ್ಡರು ಮಾಡಿದ್ದ. ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನಾಳೆ ಬಾ’ ಎಂದು ಹೆಸರಿಟ್ಟಿದ್ದ.

‘ನಮ್ ಕಡೆ ಬಾಗ್ಲ ಮೇಲೆ ಬರೀತಾರಲ್ಲ ಅಕ್ಕ,’ ಅಂದಿದ್ದ. ‘ದೆವ್ವ ಬಂದು ಓದ್ಕೊಂಡು ವಾಪಸ್ ಹೋಗುತ್ತೆ. ನಾಳೆ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ಈ ಎರರ್ ಫೈಲ್‌ಗಳೂ ಹಂಗೇ. ಬೆಳಿಗ್ಗೆ ಇನ್ನೊಂದ್ಸಲ ನೋಡ್ತೀವಿ. ಆಗ್ಲಿಲ್ವಾ? ನಾಳೆ ಬಾ!’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಬೆಳಿಗ್ಗೆಯ ಎರಡನೇ ಸಲಕ್ಕೆ ಬಹಳಷ್ಟು ಫೈಲುಗಳು ತೆರೆದುಕೊಳ್ಳುತ್ತಿದ್ದವು. ಆಗಲೂ ತೆರೆಯದೆ ಉಳಿದದ್ದನ್ನು ಸಂಜೆ ಶಿಫ್ಟಿನವರು ಕೈಯಲ್ಲೇ ತುಂಬಬೇಕು ಎನ್ನುವುದು ನಿಯಮ. ಆಮೇಲೆ ಲೋಹಿತ್ ಗುರುಗ್ರಾಮದಲ್ಲಿ ಬೇರೆ ಕೆಲಸ ಹಿಡಿದು ಹೋದ. ಸ್ಕ್ರಿಪ್ಟಿನ ಗೋಳು ನನ್ನ ತಲೆಗೆ ಬಂತು.

ದೀಪಾವಳಿಯ ಮರುವಾರ ನನಗೆ ರಾತ್ರಿ ಪಾಳಿ. ಜೊತೆಗೆ ಸಂಜೆಯಿಂದಲೇ ಕೂರುವ ಶಿಫ್ಟ್ ಇನ್‌ಚಾರ್ಜ್ ವಿನೋದ್ ಜೀ ಒಬ್ಬರೇ. ಒಳ್ಳೆಯ ಮನುಷ್ಯ, ಸದಾ ಕಡಲೆಕಾಯಿ ಸುಲಿಯುತ್ತ ಕೂರುತ್ತಾರೆ. ಕಿಟಕಿಯಾಚೆ ದೀಪದ ಕಂಬವೂ ಕಾಣದಷ್ಟು ಹೊಗೆ. ಬಂದ ಫೈಲುಗಳೆಲ್ಲ ಮುಗಿದು, ಉಸ್ಸಪ್ಪಾ ಎಂದು ಬೆನ್ನು ಚಾಚಿದೆ. ಅಷ್ಟರಲ್ಲಿ ಮೌಸಿನ ಬಾಣ ಮತ್ತೆ ಅಲುಗಿತು...

ಮೆಲ್ಲಗೆ ಸರಿದು ಹೋಗಿ ‘ನಾಳೆ ಬಾ’ ಫೋಲ್ಡರಿನ ಮೇಲೆ ನಿಂತಿತು. ಬೆಳಿಗ್ಗೆ ಮಾತ್ರ ಸ್ಕ್ರಿಪ್ಟು ಅಲ್ಲಿಗೆ ಹೋಗಬೇಕು, ರಾತ್ರಿ ಹೋಗುವಂತಿಲ್ಲ. ಫೋಲ್ಡರು ತೆರೆಯಿತು. ಒಳಗೆ ಒಂದೇ ಫೈಲು. ಹೆಸರು ಸಂತೋಷ್ ದೇವಿ.

‘ಈ ಹೆಸರಿನ ಫೈಲು ಇಲ್ಲ’ ಎಂದು ಎರರ್ ಬಂತು. ಅಲ್ಲೇ ಕಣ್ಣೆದುರು ಫೈಲು ಕೂತಿದೆ, ಇಲ್ಲ ಅನ್ನುತ್ತಿದೆ! ‘ಸರಿ’ ಎನ್ನುವ ಗುಂಡಿ ಒತ್ತಿದೆ. ಮತ್ತೆ ಅದೇ. ಸ್ಕ್ರಿಪ್ಟು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಮತ್ತೆ ಅದೇ. ಫೈಲನ್ನು ಬೇರೆ ಕಡೆ ನಕಲು ಮಾಡಿದೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಬಾಣ ನೆಟ್ಟಗೆ ಬಂದು ಅದೇ ಫೈಲಿನ ಮೇಲೆ ನಿಂತಿತು. ನನಗೆ ಮೈಯೆಲ್ಲ ಉರಿಯಿತು. ‘ಲೋಹಿತಾ, ನಿನ್ ಮನೆ ಹಾಳಾಗ’ ಎಂದು ಬೈದುಕೊಂಡೆ.

ಆಗ ಮೇಜಿನ ಮೇಲಿನ ಫೋನ್ ರಿಂಗಾಯಿತು.

‘ಹಲೋ’ ಅಂದೆ. ಆ ಕಡೆ ಮಾತಿಲ್ಲ. ಬರೀ ಉಸಿರು. ಎಳೆಯುವುದೊಂದು ಸದ್ದು, ಬಿಡುವುದೊಂದು ಸದ್ದು, ನಡುವೆ ಒಂದು ಸಣ್ಣ ಸಿಳ್ಳೆ...

‘ಬೇಟಾ... ಸಂತೋಷ್ ಬೋಲ್ ರಹೀ ಹೂಂ... ಉತ್ತಮ್ ನಗರ್ ಸೇ.’

ಉತ್ತಮ್ ನಗರದಿಂದ ಸಂತೋಷ್ ಮಾತಾಡುತ್ತಿದ್ದೇನೆ ಎಂದು. ದೆಹಲಿಯಲ್ಲಿ ಸಂತೋಷ್ ಅಂದರೆ ಹೆಂಗಸರ ಹೆಸರೂ ಹೌದು. ಈ ಹೆಸರಿನ ಫೈಲಿನ ಜೊತೆ ಗುದ್ದಾಡುವಾಗಲೇ ಆಕೆಯ ಫೋನ್ ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಏನೋ ಸರಿಯಿಲ್ಲ ಅನ್ನಿಸಿತು. ಆಕ್ಸಿಜನ್ ಹಚ್ಚಿಕೊಂಡವರು ಫೋನ್ ಮಾಡಿದರೆ ಹಿಂದುಗಡೆ ನೀರಿನ ಬಾಟಲಿಯ ಗುಳುಗುಳು ಕೇಳುತ್ತಿರುತ್ತದೆ. ಆ ಕಡೆ ಗುಳುಗುಳು ಇರಲಿಲ್ಲ.

‘ಮಾತಾಜೀ, ಸಿಲಿಂಡರ್ ಎಷ್ಟಿದೆ?’ ಎಂದು ಕೇಳಿದೆ. ಮಾತು ಹಿಂದಿಯಲ್ಲೇ, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

‘ಕಲ್ ಸೇ... ಸಾಂಸ್ ನಹೀಂ ಹೈ, ಬೇಟಾ.’

ಹಿಂದಿಯಲ್ಲಿ ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’. ಎಷ್ಟು ವರ್ಷ ಇದ್ದರೂ ನಾನು ಎಡವುವ ಜಾಗ ಅದು. ಅವಸರದಲ್ಲಿ ನನಗೆ ಹೊಳೆದದ್ದು ನಾಳೆಯೇ. ನಾಳೆಯಿಂದ ಉಸಿರಿಗೆ ಇಲ್ಲ, ಅಂದರೆ ಸಿಲಿಂಡರು ನಾಳೆಗೆ ಮುಗಿಯುತ್ತದೆ. ಹಾಗಾದರೆ ಇನ್ನೂ ಹೊತ್ತಿದೆ ಎಂದು ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು.

‘ಹೆದರಬೇಡಿ, ಇವತ್ತು ರಾತ್ರೀನೇ ಕಳಿಸ್ತೀನಿ,’ ಅಂದೆ.

‘ಕಲ್ ಮತ್ ಬೋಲ್ನಾ...’

ನಾಳೆ ಅನ್ನಬೇಡ. ಅಷ್ಟು ಹೇಳಿ ಮತ್ತೆ ಬರೀ ಉಸಿರು. ಫೋನನ್ನು ಇಡದೆ ಮೇಜಿನ ಮೇಲೆ ಮಲಗಿಸಿದೆ.

‘ವಿನೋದ್ ಜೀ, ಈ ಸಂತೋಷ್ ದೇವಿ ಫೈಲು ಯಾವಾಗಿಂದ ಇಲ್ಲಿ ಬಿದ್ದಿದೆ? ನೀವ್ಯಾಕೆ ಕೈಯಲ್ಲಿ ತುಂಬಲಿಲ್ಲ?’

ಅವರು ಬಗ್ಗಿ ಸ್ಕ್ರೀನ್ ನೋಡಿದರು. ‘ಅರೇ, ಯೇ ಫಿರ್ ಆ ಗಯೀ?’ ಅಂದರು. ಮತ್ತೆ ಬಂತಾ ಎಂದು. ‘ಇದನ್ನ ನಾನು ದಿನಾ ಸಂಜೆ ಡಿಲೀಟ್ ಮಾಡ್ತೀನಿ ಮೇಡಂ.’

‘ಡಿಲೀಟ್ ಮಾಡ್ತೀರಾ? ಯಾಕೆ?’

‘ಫೋಲ್ಡರಿನ ಮೇಲೇ ಬರೆದಿದೆಯಲ್ಲ... ನಾಲೇ ಮೇಂ ಬಹಾ ದೋ. ಕಸ ತಾನೆ?’

ಒಂದು ಕ್ಷಣ ನನಗೆ ತಲೆ ಬುಡ ತಿಳಿಯಲಿಲ್ಲ. ಆಮೇಲೆ ಅರ್ಥವಾಯಿತು... ಇಂಗ್ಲಿಷಿನಲ್ಲಿ ‘ಳ’ ಬರೆಯಲು ಅಕ್ಷರವಿಲ್ಲ. ಲೋಹಿತ್ ಬರೆದ ‘ನಾಳೆ’ಯನ್ನು ಈ ಪುಣ್ಯಾತ್ಮ ‘ನಾಲೆ’ ಎಂದು ಓದಿಕೊಂಡಿದ್ದರು. ಹಿಂದಿಯಲ್ಲಿ ಹಾಗೆಂದರೆ ಚರಂಡಿ. ‘ಬಾ’ ಎನ್ನುವುದು ಅವರ ಕಣ್ಣಿಗೆ ‘ಬಹಾ’. ಚರಂಡಿಗೆ ಹರಿಸಿಬಿಡು. ಪಾಪ, ಹೇಳಿದ ಕೆಲಸವನ್ನು ದಿನವೂ ಚಾಚೂ ತಪ್ಪದೆ ಮಾಡಿದ್ದರು.

‘ಅಯ್ಯೋ ಶಿವನೇ! ಅದು ನಾಳೆ ಬಾ ಅಂತ ರೀ! ನಾಳೆ ಮತ್ತೆ ನೋಡಬೇಕಾದ ಮನುಷ್ಯರು ಅವರು!’ ಎಂದು ಕನ್ನಡದಲ್ಲೇ ಕಿರುಚಿಬಿಟ್ಟೆ. ಅರ್ಥ ಬಿಡಿಸಿ ಹೇಳಿದಾಗ ಅವರ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು.

‘ಆದರೆ ಮೇಡಂ,’ ಎಂದರು ಸಣ್ಣ ದನಿಯಲ್ಲಿ, ‘ಇದನ್ನ ಅಳಿಸಿದರೂ ಮಾರನೇ ಸಂಜೆ ಮತ್ತೆ ಇಲ್ಲೇ ಇರುತ್ತೆ. ಆಸ್ಪತ್ರೆಯವರು ದಿನಾ ಕಳಿಸ್ತಿದ್ದಾರೆ ಅಂದ್ಕೊಂಡಿದ್ದೆ.’

ಮೇಲ್ ತೆಗೆದು ಹುಡುಕಿದೆ. ಆಸ್ಪತ್ರೆಯಿಂದ ಸಂತೋಷ್ ದೇವಿಯ ಫೈಲು ಬಂದದ್ದು ಒಂದೇ ಸಲ. ಅದೂ ಹಬ್ಬಕ್ಕೆ ಮುಂಚೆ. ಮೇಜಿನ ಮೇಲೆ ಮಲಗಿದ್ದ ಫೋನಿನಿಂದ ಆ ಸಿಳ್ಳೆಯ ಉಸಿರು ಸಣ್ಣಗೆ ಕೇಳುತ್ತಲೇ ಇತ್ತು. ವಿನೋದ್ ಜೀ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

ಕೈಕಟ್ಟಿ ಕೂರುವ ಹೊತ್ತಲ್ಲ. ಫೈಲನ್ನು ನಾನೇ ತೆರೆದರೂ, ಮೇಲ್‌ನಲ್ಲಿ ಬಂದದ್ದನ್ನು ತೆರೆದರೂ ಬರೀ ಬಿಳಿ ಹಾಳೆ. ವಿಳಾಸವಿಲ್ಲ, ಏನೂ ಇಲ್ಲ. ನನ್ನ ಮೊಬೈಲಿನಿಂದ ಲೋಹಿತನಿಗೆ ಫೋನ್ ಹಚ್ಚಿದೆ. ನಿದ್ದೆಗಣ್ಣಲ್ಲಿ ಎತ್ತಿದ.

‘ಅಕ್ಕ, ಹೆಸರಿನ ಕೊನೇಲಿ ಕರ್ಸರ್ ಇಟ್ಟು ಹಿಂದಕ್ಕೆ ಅಳಿಸ್ತಾ ಬಾ. ಕಣ್ಣಿಗೆ ಕಾಣ್ದೇ ಇರೋ ಅಕ್ಷರ ಒಂದು ಸೇರ್ಕೊಂಡಿರುತ್ತೆ ಒಂದೊಂದ್ಸಲ. ನಾವು ಕರೆಯೋ ಹೆಸರೇ ಬೇರೆ, ಅದರ ಹೆಸರೇ ಬೇರೆ ಆಗುತ್ತೆ. ಅದಕ್ಕೇ ಇದ್ದೂ ಇಲ್ಲ ಅನ್ನುತ್ತೆ.’

‘ಅಳಿಸಿದ ಫೈಲು ತಾನಾಗಿ ವಾಪಸ್ ಬರುತ್ತೇನೋ?’

‘ಏ, ಹೋಗಕ್ಕ. ಅದ್ಹೆಂಗ್ ಬರುತ್ತೆ?’ ಎಂದ. ಆಮೇಲೆ, ‘ಅಕ್ಕ... ಆ ಫೋಲ್ಡರ್ ಹೆಸರು ಬದಲಾಯಿಸಿಬಿಡು,’ ಅಂದ. ದನಿಯಲ್ಲಿ ನಿದ್ದೆ ಇರಲಿಲ್ಲ.

ಹೆಸರಿನ ತುದಿಗೆ ಹೋಗಿ ಒಂದು ಸಲ ಅಳಿಸುವ ಗುಂಡಿ ಒತ್ತಿದೆ. ಕಣ್ಣಿಗೆ ಏನೂ ಬದಲಾಗಲಿಲ್ಲ. ಆದರೆ ಬಾಣ ತಟ್ಟನೆ ಎದ್ದು ಓಡತೊಡಗಿತು. ಫೈಲು ತೆರೆಯಿತು, ಈಗ ಹಾಳೆ ತುಂಬ ಅಕ್ಷರಗಳಿದ್ದವು. ಹೆಸರು ತುಂಬಿತು, ಉತ್ತಮ್ ನಗರದ ಗಲ್ಲಿ ತುಂಬಿತು, ದೊಡ್ಡ ಸಿಲಿಂಡರು ಎಂದು ತುಂಬಿತು. ಕೆಳಗೆ ಗೋಡೌನಿನಲ್ಲಿ ಚೀಟಿ ಅಚ್ಚಾಗುವ ಸದ್ದು ಕೇಳಿತು. ಫೋನ್ ಎತ್ತಿಕೊಂಡೆ.

‘ಮಾತಾಜೀ, ವ್ಯಾನ್ ಹೊರಟಿತು. ಬಾಗಿಲು ತೆಗೆಯೋರು ಯಾರಾದರೂ ಇದ್ದಾರಾ?’

‘ಖುಲಾ ಹೈ...’

ತೆಗೆದೇ ಇದೆ. ಆಮೇಲೆ ಲೈನು ಕಡಿಯಿತು.

ಡ್ರೈವರ್ ಧರಮ್‌ವೀರ್ ಹಳೆಯ ಕೈ, ಎಂಥ ಹೊಗೆಯಲ್ಲೂ ದಾರಿ ತಪ್ಪುವವನಲ್ಲ. ಅವನ ಫೋನ್ ಬರುವವರೆಗೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೂ ಬಂತು. ‘ಇಟ್ಟು ಬಂದೆ ಮೇಡಂ. ಕರೆಂಟ್ ಇರಲಿಲ್ಲ. ಬಾಗಿಲು ತೆಗೆದಿತ್ತು, ಮಾತಾಜಿ ಒಳಗಿಂದಲೇ, ಹಚ್ಚಿಕೊಡು ಬೇಟಾ ಅಂದ್ರು. ಮೊಬೈಲಿನ ಬೆಳಕಲ್ಲಿ ಮೀಟರ್ ಕೂರಿಸಿ, ಮಾಸ್ಕಿನ ನಳಿಕೆ ಸಿಕ್ಕಿಸಿ, ತಿರುಗಣೆ ತಿರುಗಿಸಿ ಬಂದೆ. ಅಗರಬತ್ತಿ ವಾಸನೆ ಮಾತ್ರ ತಡೆಯೋಕಾಗ್ತಿರಲಿಲ್ಲ.’

‘ಗುಳುಗುಳು ಬಂತಾ?’

‘ಬಂತು ಮೇಡಂ. ಚೆನ್ನಾಗಿ ಬಂತು.’

ನನಗೆ ಅಳುವೇ ಬಂದುಬಿಟ್ಟಿತು. ವಿನೋದ್ ಜೀ ಹೋಗಿ ಚಹಾ ತಂದುಕೊಟ್ಟರು. ಒಂದು ಜೀವ ಉಳಿಯಿತು ಎಂದು ಇಬ್ಬರೂ ಕುಡಿದೆವು.

ಬೆಳಿಗ್ಗೆ ಮನೆಗೆ ಹೊರಡಲು ಬ್ಯಾಗು ಹೆಗಲಿಗೇರಿಸಿದ್ದೆ. ಗೋಡೌನಿನ ಬಾಗಿಲಿಗೆ ಒಂದು ಟೆಂಪೊ ಬಂದು ನಿಂತಿತು. ಇಳಿದವನು ನಡುವಯಸ್ಸಿನ ಗಂಡಸು. ಹೊಸದಾಗಿ ಬೋಳಿಸಿದ ತಲೆ. ನಮ್ಮ ಸಿಲಿಂಡರನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದ.

‘ಇದನ್ನ ನಮ್ಮನೆಗೆ ಕಳಿಸಿದ್ದು ಯಾರು?’

ಸಂತೋಷ್ ದೇವಿಯವರ ಮಗ. ಸಿಟ್ಟಿನಿಂದ ಅವನ ತುಟಿ ನಡುಗುತ್ತಿತ್ತು. ಆಸ್ಪತ್ರೆಯವರು ಫೈಲು ಕಳಿಸಿದ್ದೇವೆ ಅಂದಿದ್ದರಂತೆ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು, ಕಡೆಗೆ ಅವನೇ ಹೊಗೆಯಲ್ಲಿ ಅಂಗಡಿ ಅಂಗಡಿ ಅಲೆದನಂತೆ. ಬರಿಗೈಯಲ್ಲಿ ವಾಪಸ್ ಬಂದಾಗ ತಾಯಿ ತಣ್ಣಗಾಗಿದ್ದರು.

‘ಯಾವತ್ತು?’ ಎಂದೆ.

‘ಮೊನ್ನೆ ರಾತ್ರಿ. ನಿನ್ನೆ ದಹನ ಮಾಡಿದ್ವಿ. ಮನೆಗೆ ಬೀಗ ಹಾಕಿ ರಾತ್ರಿ ಚಿಕ್ಕಪ್ಪನ ಮನೇಲಿ ಮಲಗಿದ್ದೆ. ಬೀಗದ ಕೈ ನನ್ನ ಜೇಬಲ್ಲೇ ಇತ್ತು. ಬೆಳಿಗ್ಗೆ ತೆಗೆದರೆ ಒಳಗೆ ಇದು ನಿಂತಿದೆ!’

ಕಲ್ ಸೇ ಸಾಂಸ್ ನಹೀಂ ಹೈ. ನಾಳೆಯಿಂದ ಅಲ್ಲ... ನಿನ್ನೆಯಿಂದ. ಪಕ್ಕದ ಗೋಡೆ ಹಿಡಿದುಕೊಂಡೆ.

ಧರಮ್‌ವೀರ್ ಗೋಡೌನಿನ ಮೂಲೆಯಿಂದ ಎದ್ದು ಬಂದ. ಮೀಟರಿನ ಮೇಲೆ ಬಗ್ಗಿ ನೋಡಿದ, ಬೆರಳಿನಿಂದ ತಟ್ಟಿದ. ಮುಳ್ಳು ಸೊನ್ನೆಯಲ್ಲಿ ಅಂಟಿಕೊಂಡಿತ್ತು. ಹಗಲೂ ರಾತ್ರಿ ಎಳೆದರೂ ಒಂದು ದಿನದ ಮೇಲೆ ಬರಬೇಕಾದ ದೊಡ್ಡ ಸಿಲಿಂಡರು ಅದು. ತಿರುಗಣೆಯನ್ನು ಯಾರೋ ಜೋಪಾನವಾಗಿ ಮುಚ್ಚಿದ್ದರು. ನಳಿಕೆಯ ತುದಿಯಲ್ಲಿ ನೇತಾಡುತ್ತಿದ್ದ ಮಾಸ್ಕಿನ ಒಳಮೈಯಲ್ಲಿ ಇನ್ನೂ ಹಬೆಯ ಹನಿಗಳಿದ್ದವು. ಧರಮ್‌ವೀರ್ ಎರಡು ಹೆಜ್ಜೆ ಹಿಂದೆ ಸರಿದು ಹನುಮಂತನ ಹೆಸರು ಹೇಳತೊಡಗಿದ.

ರಾತ್ರಿ ಬಂದ ಫೋನಿನ ವಿಷಯ ಹೇಳಿದೆ. ಹೇಳದಿರಲು ಮನಸ್ಸು ಬರಲಿಲ್ಲ. ಹೊಡೆಯುತ್ತಾನೆ, ಪೊಲೀಸರನ್ನು ಕರೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳುತ್ತ ಕೇಳುತ್ತ ನೆಲಕ್ಕೆ ಕುಕ್ಕರಿಸಿದ. ಖಾಲಿ ಸಿಲಿಂಡರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತಿನ ಮೇಲೆ ತಲೆ ಎತ್ತಿದ. ಸಿಟ್ಟೆಲ್ಲ ಇಳಿದುಹೋಗಿತ್ತು.

‘ಮೇಡಂ... ಇವತ್ತು ರಾತ್ರಿಗೆ ಇನ್ನೊಂದು ಸಿಗುತ್ತಾ?’

ಅವನು ಸಿಲಿಂಡರಿನ ಮೈ ಸವರಿದ.

‘ಆಗ ಕೊಡೋಕಾಗಲಿಲ್ಲ. ಈಗಲಾದರೂ ಅಮ್ಮ ಉಸಿರು ಎಳೆದುಕೊಳ್ಳಲಿ. ಇವತ್ತು ನಾನೇ ಪಕ್ಕದಲ್ಲಿ ಕೂತಿರ್ತೀನಿ.’

ಹುಚ್ಚು ಅನ್ನಿ, ಏನಾದರೂ ಅನ್ನಿ. ಆ ಮುಖ ನೋಡಿಕೊಂಡು ನಾಳೆ ಅನ್ನುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಸ್ಕ್ರಿಪ್ಟಿಗೆ ಬಿಡದೆ ನಾನೇ ಕೂತು ತುಂಬಿದೆ. ಗೋಡೌನಿನವರು ತುಂಬಿದ ಸಿಲಿಂಡರೊಂದನ್ನು ಅವನ ಟೆಂಪೊಗೆ ಏರಿಸಿದರು. ಆ ರಾತ್ರಿ ಫೋನ್ ಬರಲಿಲ್ಲ. ‘ನಾಳೆ ಬಾ’ ಫೋಲ್ಡರಿನ ಹೆಸರು ಬದಲಾಯಿಸಿದೆ. ಅದರಲ್ಲಿ ಯಾವ ಫೈಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮತ್ತೆ ಬಂದ. ಸಿಲಿಂಡರು ಖಾಲಿ. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಮೂಗು ಬಾಯಿಗೆ ಮಫ್ಲರು ಸುತ್ತಿಕೊಂಡಿದ್ದ. ಮಾತಾಡಲು ಅದನ್ನು ಇಳಿಸಿದಾಗ, ಎರಡೂ ಕೆನ್ನೆಯ ಮೇಲೆ ಮಾಸ್ಕಿನ ಅಂಚು ಒತ್ತಿದ ಕೆಂಪು ಗೆರೆ ಕಂಡಿತು. ಒಂದು ಕಡೆ ಚರ್ಮವೇ ಸುಲಿದಿತ್ತು.

‘ಇನ್ನು ಮೇಲೆ ಕಳಿಸಬೇಡಿ,’ ಅಂದ. ‘ಅವಳು ಎಷ್ಟೇ ಕೇಳಿದರೂ ಕಳಿಸಬೇಡಿ.’

‘ಏನಾಯ್ತು? ಏನು ನೋಡಿದ್ರಿ?’

ಅವನು ಎರಡೂ ಕೈ ಜೋಡಿಸಿದ. ‘ಪೂಛ್ನಾ ಮತ್,’ ಅಂದ. ಕೇಳಬೇಡಿ. ಅಷ್ಟು ಹೇಳಲು ಅವನು ನಡುವೆ ಎರಡು ಸಲ ಉಸಿರು ಎಳೆದುಕೊಂಡ. ಟೆಂಪೊ ಹತ್ತಿ ಹೋದವನನ್ನು ಮತ್ತೆ ನೋಡಿಲ್ಲ. ಅವನಾಗಿಯೇ ದುಃಖದಲ್ಲಿ ಆ ಮಾಸ್ಕ್ ಹಾಕಿಕೊಂಡನೋ, ಬೇರೆ ಏನೋ... ನನಗೆ ಗೊತ್ತಿಲ್ಲ. ವಿನೋದ್ ಜೀ ಆವತ್ತೇ ರಜೆ ಬರೆದುಕೊಟ್ಟು ಊರಿಗೆ ಹೋದರು.

ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ನಾನೊಬ್ಬಳೇ. ನಡುರಾತ್ರಿ ಕಳೆದ ಮೇಲೆ ಮೇಜಿನ ಫೋನ್ ರಿಂಗಾಯಿತು. ಹಳೆಯ ಫೋನು, ಯಾರ ನಂಬರು ಎಂದು ತೋರಿಸುವುದಿಲ್ಲ. ಕೈ ಮುಂದೆ ಚಾಚಿದೆ... ಆ ಕೆಂಪು ಗೆರೆ ಕಣ್ಣ ಮುಂದೆ ಬಂತು. ಕೈ ಹಿಂದಕ್ಕೆ ತೆಗೆದುಕೊಂಡೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಶುರುವಾಯಿತು. ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಮೇಲೆ ತಲೆ ಇಟ್ಟೆ. ಬೆಳಕು ಹರಿಯುವ ಸ್ವಲ್ಪ ಮುಂಚೆ ಅದು ಸುಮ್ಮನಾಯಿತು.

ಈಗ ಜನ ಕೇಳುತ್ತಾರೆ, ಆಮೇಲೆ ಆ ಮುದುಕಿ ಏನಾದಳು ಎಂದು. ನನ್ನನ್ನು ಕಾಡುವುದು ಅವಳಲ್ಲ. ಆ ಹೊಗೆಯ ದಿನಗಳಲ್ಲಿ ಸರಿರಾತ್ರಿ ನಮಗೆ ಫೋನ್ ಮಾಡುವವರೆಲ್ಲ ಉಸಿರು ಕಟ್ಟಿದವರೇ. ಆ ರಾತ್ರಿ ನಾನು ಎತ್ತದೆ ಬಿಟ್ಟ ಫೋನು ಅವಳದೇ ಎಂದು ಹೇಗೆ ನಂಬಲಿ? ಬದುಕಿದ್ದವರು ಯಾರಾದರೂ ಮಾಡಿದ್ದರೆ?